ಮಳೆ ಬಿಟ್ಟ ದಿನವೇ ಜಾರುವ ನೆಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಸ್ಕೇಟಿಂಗ್ ಕಲಿಯುವ ಮಕ್ಕಳಿಗೆ ಸೂರಿನ ಕೆಳಗಿನ ರಿಂಕ್ ಒಂದೇ ಗತಿ. ಅಂಥದೊಂದು ರಿಂಕ್‌ನ ನೆಲವನ್ನು ನೋಡಿಕೊಳ್ಳುವ ಹೊಣೆ ನನಗೆ ಬಂದಾಗ, ಮಾಡು ಸೋರದಿದ್ದರೆ ನೆಲ ಒಣಗಿಯೇ ಇರುತ್ತದೆ ಎಂದು ತಿಳಿದಿದ್ದೆ. ಮೊದಲ ಮಳೆಗಾಲದಲ್ಲೇ ಆ ನಂಬಿಕೆ ಸುಳ್ಳಾಯಿತು. ಜಡಿಮಳೆಯ ದಿನಗಳಲ್ಲಿ ಮಕ್ಕಳು ಅಷ್ಟಾಗಿ ಬೀಳುತ್ತಿರಲಿಲ್ಲ. ಮೂರು ದಿನ ಸುರಿದ ಮಳೆ ಬಿಟ್ಟು ಬಿಸಿಲು ಕಂಡ ಬೆಳಗ್ಗೆ, ನಾವು ಸಂತೋಷದಿಂದ ಬಾಗಿಲುಗಳನ್ನೆಲ್ಲ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿದ ಅರ್ಧ ಗಂಟೆಯೊಳಗೆ, ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳತೊಡಗಿದರು.

ಹಿರಿಯರು ‘ನೆಲ ಬೆವರುತ್ತದೆ’ ಎನ್ನುವುದು ಇದನ್ನೇ. ಮಳೆಯ ದಿನಗಳಲ್ಲಿ ತಣಿದ ಕಾಂಕ್ರೀಟ್ ಹಾಸು ಬಿಸಿಲು ಬಂದ ತಕ್ಷಣ ಬಿಸಿಯಾಗುವುದಿಲ್ಲ. ಅದು 25 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುವಾಗ ಹೊರಗಿನ ಗಾಳಿ 30 ಡಿಗ್ರಿಗೆ ಏರಿ, ಅದರ ಆರ್ದ್ರತೆ ಶೇಕಡಾ 80 ಇದ್ದರೆ, ಆ ಗಾಳಿಯಲ್ಲಿನ ಆವಿ ನೀರಾಗತೊಡಗುವ ಉಷ್ಣತೆ, ಅಂದರೆ ಇಬ್ಬನಿ ಬಿಂದು, 26 ಡಿಗ್ರಿಯನ್ನು ತುಸು ದಾಟಿರುತ್ತದೆ. ನೆಲ ಅದಕ್ಕಿಂತ ತಣ್ಣಗಿರುವುದರಿಂದ, ಫ್ರಿಜ್‌ನಿಂದ ತೆಗೆದಿಟ್ಟ ಮಜ್ಜಿಗೆ ಲೋಟದ ಹೊರಮೈಯಂತೆ ಅದರ ಮೇಲೆ ನೀರು ಕೂರುತ್ತದೆ. ನಮ್ಮದು ಎಪಾಕ್ಸಿ ಎಂಬ ಗಟ್ಟಿ ರಾಳದ ಲೇಪ ಬಳಿದ ನೆಲವಾದ್ದರಿಂದ ಹನಿಯನ್ನೂ ಹೀರುವುದಿಲ್ಲ. ಕಣ್ಣಿಗೆ ಕಾಣದ ಆ ತೆಳು ಪೊರೆಗೆ ಧೂಳು ಬೆರೆತರೆ ಸಾಬೂನು ಸವರಿದಂತೆಯೇ. ಒಳಗೆ ಗಾಳಿಯಾಡಲೆಂದು ನಾವು ಹಾಕಿದ ಫ್ಯಾನ್, ಹೊರಗಿನ ತೇವವನ್ನು ಒಳಗೆ ಎಳೆದು ತರುತ್ತಿತ್ತು.

ಒದ್ದೆಯೆಲ್ಲ ಗಾಳಿಯದ್ದೇ ಎಂದು ತೀರ್ಮಾನಿಸುವ ಮೊದಲು ನಾವು ಒಂದು ಸರಳ ಪರೀಕ್ಷೆ ಮಾಡಿದೆವು. ಸುಮಾರು ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯ ನಾಲ್ಕೂ ಅಂಚನ್ನು ಟೇಪ್‌ನಿಂದ ನೆಲಕ್ಕೆ ಅಂಟಿಸಿ ಮರುದಿನ ನೋಡಿದರೆ, ಹಾಳೆಯ ಅಡಿ ಒದ್ದೆಯಿದ್ದಲ್ಲಿ ನೀರು ಮಣ್ಣಿನಿಂದ ಮೇಲೇರುತ್ತಿದೆ ಎಂದೂ, ಮೇಲ್ಮೈ ಮಾತ್ರ ಒದ್ದೆಯಿದ್ದಲ್ಲಿ ಗಾಳಿಯಿಂದ ಇಳಿಯುತ್ತಿದೆ ಎಂದೂ ತಿಳಿಯಬಹುದು. ನಮ್ಮಲ್ಲಿ ಒಂದು ಮೂಲೆ ಬಿಟ್ಟು ಉಳಿದೆಡೆ ಮೇಲ್ಮೈ ಮಾತ್ರ ಒದ್ದೆಯಾಗಿತ್ತು.

ಈಗ ಬೀಗ ತೆಗೆದವರು ಮೊದಲು ನೋಡುವುದು ಎರಡು ಉಪಕರಣಗಳನ್ನು: ಗಾಳಿಯ ಉಷ್ಣತೆ ಮತ್ತು ಆರ್ದ್ರತೆ ತೋರಿಸುವ ಹೈಗ್ರೋಮೀಟರ್, ನೆಲಕ್ಕೆ ಗುರಿಯಿಟ್ಟರೆ ಅಂಕಿ ಹೇಳುವ ಇನ್‌ಫ್ರಾರೆಡ್ ಥರ್ಮಾಮೀಟರ್. ನೆಲವು ಹೊರಗಾಳಿಯ ಇಬ್ಬನಿ ಬಿಂದುವಿಗಿಂತ 3 ಡಿಗ್ರಿಯಾದರೂ ಬೆಚ್ಚಗಿಲ್ಲದಿದ್ದರೆ, ಎಷ್ಟೇ ಸೆಕೆಯಾದರೂ ಬಾಗಿಲು ಮುಚ್ಚಿಯೇ ಇರುತ್ತದೆ. ಪೋಷಕರು ಇದನ್ನು ಒಪ್ಪಲು ಒಂದು ವರ್ಷ ಹಿಡಿಯಿತು.

ತೇವ ಹೀರುವ ಯಂತ್ರ ಕೊಳ್ಳುವವರು ಮೊದಲು ಸ್ವಲ್ಪ ಲೆಕ್ಕ ಹಾಕಬೇಕು. 40 ಮೀಟರ್ ಉದ್ದ, 20 ಮೀಟರ್ ಅಗಲ, 6 ಮೀಟರ್ ಎತ್ತರದ ಸಭಾಂಗಣದಲ್ಲಿ ಗಾಳಿ 28 ಡಿಗ್ರಿಯಲ್ಲಿದ್ದು ಆರ್ದ್ರತೆ ಶೇಕಡಾ 90 ಇದ್ದರೆ, ಆ ಗಾಳಿಯಲ್ಲೇ ನೂರು ಲೀಟರಿಗೂ ಹೆಚ್ಚು ನೀರು ಆವಿಯಾಗಿ ತೇಲುತ್ತಿರುತ್ತದೆ. ಆಡುವ ಮಕ್ಕಳ ಬೆವರು ಬೇರೆ. ದಿನಕ್ಕೆ 50 ಲೀಟರ್ ಎಂದು ಬರೆದಿರುವ ಒಂದು ಯಂತ್ರವನ್ನು ತಂದಿಟ್ಟು ಬಾಗಿಲು ತೆರೆದಿಟ್ಟರೆ, ಅದು ಅರಬ್ಬೀ ಸಮುದ್ರವನ್ನು ಚಮಚದಲ್ಲಿ ಖಾಲಿ ಮಾಡಹೊರಟಂತೆ. ಏಸಿಯೂ ತೇವ ತೆಗೆಯುತ್ತದೆ, ಆದರೆ ರಾತ್ರಿಯಿಡೀ ನೆಲವನ್ನು ತಣಿಸಿ ಬೆಳಗ್ಗೆ ಬಾಗಿಲು ತೆರೆದರೆ ಹಳೆಯ ಕಥೆಯೇ ಮರುಕಳಿಸುತ್ತದೆ.

ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನು ಮಳೆಗಾಲದಲ್ಲಿ ನಿಲ್ಲಿಸಿ, ಒಣ ಮೈಕ್ರೋಫೈಬರ್ ಮಾಪ್ ಮಾತ್ರ ಓಡಿಸುತ್ತೇವೆ. ಹಿಡಿತ ಬರಲೆಂದು ಯಾರೋ ಚೆಲ್ಲಿದ ಟಾಲ್ಕಂ ಪೌಡರ್ ಒಣ ನೆಲದಲ್ಲೇ ಜಾರಿಸುತ್ತದೆ, ತೇವ ತಾಗಿದರೆ ಅಂಟಾಗಿ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಗಟ್ಟಿ ಚಕ್ರಕ್ಕಿಂತ ಮೆತ್ತನೆಯ ಚಕ್ರ ಚೆನ್ನಾಗಿ ಹಿಡಿಯುವುದು ನಿಜವಾದರೂ, ನೀರಿನ ಪೊರೆಯ ಮೇಲೆ ನಾನು ಯಾವ ಚಕ್ರವನ್ನೂ ನಂಬುವುದಿಲ್ಲ.

ಅಡಿಯಿಂದ ನೀರೇರುವ ಆ ಒಂದು ಮೂಲೆಗೆ ಮಾತ್ರ ಇವು ಯಾವುವೂ ನಾಟಲಿಲ್ಲ. ಬೇಸಿಗೆಯಲ್ಲಿ ಅಲ್ಲಿನ ಎಪಾಕ್ಸಿ ಕೆತ್ತಿ, ತೇವ ತಡೆಯುವ ಪದರ ಹಾಕಿಸಬೇಕಾಗಿದೆ. ಅಲ್ಲಿಯವರೆಗೆ ಕೋನ್‌ಗಳನ್ನಿಟ್ಟು ಟ್ರ್ಯಾಕನ್ನು ಎರಡು ಮೀಟರ್ ಒಳಕ್ಕೆ ತಿರುಗಿಸಿದ್ದೇವೆ.