ಸಣ್ಣ ಬಜೆಟ್ಟಿನ ಸೈಕಲಾಜಿಕಲ್ ಹಾರರ್ ಎಲ್ಲಿ ಕೈಕೊಡುತ್ತದೆ

ಸಣ್ಣ ಬಜೆಟ್ಟಿನ ಸೈಕಲಾಜಿಕಲ್ ಹಾರರ್ ಸಿನಿಮಾ, ಅಂದರೆ ಪಾತ್ರದ ಮನಸ್ಸಿನೊಳಗಿನ ಭಯ, ಗೊಂದಲದ ಮೇಲೆ ನಿಂತ ಚಿತ್ರ, ನಿರಾಸೆ ಮಾಡಿದಾಗೆಲ್ಲ ‘ಪಾಪ, ದುಡ್ಡಿರಲಿಲ್ಲ’ ಅಂತ ಬಿಟ್ಟುಬಿಡುವ ರೂಢಿಯಿದೆ. ಇದು ಒಪ್ಪುವ ಮಾತಲ್ಲ. ಒಂದು ಮನೆ, ಇಬ್ಬರು ಮೂವರು ನಟರು, ಒಂದು ಒಳ್ಳೆ ಮೈಕ್ ಇದ್ದರೆ ಈ ಬಗೆಯ ಚಿತ್ರ ಮಾಡಬಹುದು. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು (2007) ನಿರ್ದೇಶಕ ಓರೆನ್ ಪೆಲಿ ತನ್ನದೇ ಮನೆಯಲ್ಲಿ, ಸುಮಾರು 15 ಸಾವಿರ ಡಾಲರ್‌ನಲ್ಲಿ ಚಿತ್ರೀಕರಿಸಿದ್ದು. ಅಲುಗಾಡದೆ ನಿಂತ ಕ್ಯಾಮೆರಾ, ಮಲಗಿರುವ ಇಬ್ಬರು, ಫ್ರೇಮಿನ ಮೂಲೆಯಲ್ಲಿ ಓಡುವ ಸಮಯದ ಅಂಕಿ. ಏನೂ ನಡೆಯದ ಆ ಶಾಟ್‌ನಲ್ಲಿ ಬಾಗಿಲು, ಹೊದಿಕೆ, ಆಚೆಯ ಕತ್ತಲು ಎಂದು ನಾವೇ ಕಣ್ಣಾಡಿಸುತ್ತಾ ಕೂರುತ್ತೇವೆ.

ಎಡವಟ್ಟು ಶುರುವಾಗುವುದು ಸ್ಕ್ರಿಪ್ಟ್‌ನಲ್ಲೇ. ಮೊದಲ ಐದು ನಿಮಿಷದಲ್ಲೇ ನಾಯಕಿಗೆ ನಿದ್ದೆಯಿಲ್ಲ, ಮಾತ್ರೆ ನುಂಗುತ್ತಾಳೆ, ಕನ್ನಡಿ ನೋಡುತ್ತಾ ನಿಲ್ಲುತ್ತಾಳೆ. ಅವಳು ಸರಿಯಾಗಿದ್ದಾಗ ಹೇಗಿದ್ದಳು ಅಂತ ನಾವು ನೋಡೇ ಇಲ್ಲವಲ್ಲ, ಮನಸ್ಸು ಕೆಟ್ಟಿತು ಅಂತ ಗೊತ್ತಾಗುವುದಾದರೂ ಹೇಗೆ? ಮೊದಲ ಹತ್ತು ಹದಿನೈದು ನಿಮಿಷ ಅವಳ ದಿನಚರಿಗೆ ಕೊಡಿ. ಬಾಗಿಲ ಚಿಲಕ ಹಾಕಿ ಒಮ್ಮೆ ಎಳೆದು ನೋಡುತ್ತಾಳೆ, ಬೀಗದ ಕೈಯನ್ನು ಎಡಗಡೆಯ ಮೊಳೆಗೇ ನೇತುಹಾಕುತ್ತಾಳೆ. ನಲವತ್ತನೇ ನಿಮಿಷದಲ್ಲಿ ಅದು ಬಲಗಡೆಯ ಮೊಳೆಯಲ್ಲಿದ್ದರೆ ಸಾಕು. ಅವಳು ಅದನ್ನು ಗಮನಿಸದೇ ಹೋದರಂತೂ ಇನ್ನೂ ಒಳ್ಳೆಯದು.

ಕೊನೆಗೆ ‘ಎಲ್ಲ ಅವಳ ಭ್ರಮೆ’ ಅಂತ ಕೈತೊಳೆದುಕೊಳ್ಳುವುದು ಇದಕ್ಕಿಂತ ದೊಡ್ಡ ಮೋಸ. ಬರೆಯುವವರು ಇದನ್ನು ಕಾಗದದ ಮೇಲೇ ಹಿಡಿಯಬಹುದು. ಎರಡು ಕಾಲಂ ಮಾಡಿ, ಪ್ರತಿ ಸೀನ್‌ಗೂ ಅವಳು ಕಂಡದ್ದೇನು, ನಿಜವಾಗಿ ನಡೆದದ್ದೇನು ಅಂತ ಬರೆಯುತ್ತಾ ಹೋಗಿ. ಎರಡನೇ ಕಾಲಂನಲ್ಲಿ ಸಾಲಾಗಿ ‘ಏನೂ ಇಲ್ಲ’ ಅಂತಲೇ ಬಂದರೆ ಕ್ಲೈಮ್ಯಾಕ್ಸ್ ಹಿಂದಿನ ಸೀನ್‌ಗಳನ್ನೆಲ್ಲ ಅಳಿಸಿಹಾಕುತ್ತದೆ, ಅವುಗಳಿಗೆ ಹೊಸ ಅರ್ಥ ಕೊಡುವುದಿಲ್ಲ. ನಾಯಕಿ ಇಲ್ಲದ ಕೋಣೆಯಲ್ಲಿ ಬೇರೆಯವರು ಅದೇ ಆಕೃತಿ ಕಂಡು ಬೆಚ್ಚುವ ಸೀನ್ ಒಂದಿದ್ದರೂ ಭ್ರಮೆಯ ಲೆಕ್ಕ ತಪ್ಪಿತು. ಪ್ರೇಕ್ಷಕರು ಅದನ್ನು ಖಂಡಿತ ನೆನಪಿಟ್ಟುಕೊಂಡಿರುತ್ತಾರೆ.

ಇನ್ನು ಸೌಂಡ್. ಹೆಚ್ಚಿನ ಚಿತ್ರಗಳು ಸೋಲುವುದು ಇಲ್ಲೇ. ಕ್ಯಾಮೆರಾಗೆ ಬಾಡಿಗೆ ಕೊಟ್ಟು, ಮಾತನ್ನು ಕ್ಯಾಮೆರಾದ ಮೈಕ್‌ನಲ್ಲೇ ಹಿಡಿಯುತ್ತಾರೆ. ಬರಿಗೋಡೆಗೆ ತಾಗಿ ಮಾತು ಗುಂಯ್‌ಗುಡುತ್ತದೆ, ಹಿಂದೆ ಫ್ರಿಜ್ ಸದ್ದು. ಅದನ್ನು ಮುಚ್ಚಲು ಉದ್ದಕ್ಕೂ ಒಂದು ಡ್ರೋನ್ ಮ್ಯೂಸಿಕ್ (ಒಂದೇ ಸಮನೆ ಗುಂಯ್‌ಗುಡುವ ಸ್ವರ) ಹಾಸುತ್ತಾರೆ. ಕೆಲವೇ ನಿಮಿಷದಲ್ಲಿ ಕಿವಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಆಮೇಲೆ ಅದರಿಂದ ಭಯ ಹುಟ್ಟುವುದಿಲ್ಲ. ಬೂಮ್ ಮೈಕನ್ನು (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ಬಾಯಿಂದ ಎರಡು ಮೂರು ಅಡಿಯೊಳಗೆ ತರಬೇಕು. ಫ್ರೇಮಿನಾಚೆಯ ಗೋಡೆಗೆ ದಪ್ಪ ಕಂಬಳಿ ಕಟ್ಟಬೇಕು, ಫ್ರಿಜ್ ಆಫ್ ಮಾಡಬೇಕು. ಪ್ರತಿ ಜಾಗ ಬಿಡುವ ಮುಂಚೆ ಎಲ್ಲರೂ ಉಸಿರು ಬಿಗಿಹಿಡಿದಂತೆ ನಿಂತು, ಆ ಕೋಣೆಯ ಖಾಲಿ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕು. ಮೌನ ಬೇಕಾದ ಕಡೆ ಹಾಕುವುದು ಇದನ್ನೇ. ಟ್ರ್ಯಾಕನ್ನು ಪೂರ್ತಿ ಖಾಲಿ ಬಿಟ್ಟರೆ ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತದೆ.

ಬೇಕೆಂದೇ ಸದ್ದು ಕತ್ತರಿಸುವುದು ಬೇರೆ ಮಾತು. ನಿರ್ದೇಶಕ ಹರ್ಕ್ ಹಾರ್ವೆಯ ‘ಕಾರ್ನಿವಲ್ ಆಫ್ ಸೋಲ್ಸ್’ (1962) ಸುಮಾರು 33 ಸಾವಿರ ಡಾಲರ್‌ನ ಚಿತ್ರ. ಬಟ್ಟೆ ಅಂಗಡಿಯಲ್ಲಿ ನಾಯಕಿಗೆ ಇದ್ದಕ್ಕಿದ್ದಂತೆ ಲೋಕದ ಸದ್ದೆಲ್ಲ ನಿಂತುಹೋಗುತ್ತದೆ, ಎದುರಿಗಿದ್ದವರಿಗೂ ಅವಳು ಕಾಣುವುದಿಲ್ಲ. ಆಮೇಲೆ ಪಾರ್ಕಿನಲ್ಲಿ ಹಕ್ಕಿಯ ದನಿಯೊಂದಿಗೆ ಸದ್ದು ಮರಳುತ್ತದೆ. ಆ ಕ್ಷಣದ ನೆಮ್ಮದಿಯೇ ಮುಂದಿನ ಭಯಕ್ಕೆ ಪೀಠಿಕೆ. ಇಷ್ಟಕ್ಕೆ ಬೇಕಾಗಿದ್ದು ಒಬ್ಬ ನಟಿ ಮತ್ತು ಎಡಿಟಿಂಗ್ ಟೇಬಲ್.

ಜಂಪ್ ಸ್ಕೇರ್, ಅಂದರೆ ಇದ್ದಕ್ಕಿದ್ದಂತೆ ಬೆಚ್ಚಿಬೀಳಿಸುವ ತಂತ್ರದ ಬಗ್ಗೆಯೂ ಒಂದು ಮಾತು. ಮಾತು ಪಿಸುಗುಟ್ಟುವಷ್ಟು ಕಡಿಮೆ, ಬೆಚ್ಚಿಬೀಳಿಸುವ ಸದ್ದು ಗರಿಷ್ಠ ಮಟ್ಟದಲ್ಲಿ ಇಟ್ಟರೆ ಮನೆಯಲ್ಲಿ ನೋಡುವವರು ರಿಮೋಟ್ ಹಿಡಿದೇ ಕೂರುತ್ತಾರೆ. ಒಮ್ಮೆ ವಾಲ್ಯೂಮ್ ಇಳಿಸಿದರೆಂದರೆ ನೀವು ಕಟ್ಟಿದ ಸಣ್ಣ ಸದ್ದುಗಳೆಲ್ಲ ಹೋದಂತೆಯೇ.

ಕತ್ತಲನ್ನು ಲೈಟ್ ಹಾಕದೆ ಚಿತ್ರೀಕರಿಸಬಾರದು. ಬೆಳಕು ಸಾಲದೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಕಪ್ಪಿನಲ್ಲಿ ಕಾಳುಕಾಳು ನಾಯ್ಸ್ ಏಳುತ್ತದೆ, ಸ್ಟ್ರೀಮಿಂಗ್‌ಗಾಗಿ ಫೈಲ್ ಕುಗ್ಗಿಸುವ ಕಂಪ್ರೆಷನ್ ಅದನ್ನು ಚೌಕಚೌಕವಾಗಿ ಒಡೆಯುತ್ತದೆ. ಹಿನ್ನೆಲೆಯಲ್ಲಿ ಒಂದು ಟೇಬಲ್ ಲ್ಯಾಂಪ್, ಮುಖದ ಅಂಚಿಗೆ ಪಕ್ಕದಿಂದ ಒಂದು ಲೈಟ್ ಇಡಿ. ಬೇಕಾದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು (ಅಂದರೆ ಎರಡು ಪಟ್ಟು) ಬೆಳಕಿನಲ್ಲಿ ತೆಗೆದು, ಆಮೇಲೆ ಬಣ್ಣ, ಬೆಳಕು ಹೊಂದಿಸುವ ಗ್ರೇಡಿಂಗ್‌ನಲ್ಲಿ ಇಳಿಸಿ. ಫ್ರೇಮಿನಲ್ಲಿ ಬೆಳಗುವ ಒಂದು ಜಾಗ ಇದ್ದರೇನೇ ಉಳಿದದ್ದು ಕತ್ತಲಾಗಿ ಕಾಣುವುದು. 10 ಬಿಟ್ ರೆಕಾರ್ಡಿಂಗ್ ಇದ್ದರೆ ಅದನ್ನೇ ಬಳಸಿ: 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 10 ಬಿಟ್‌ನಲ್ಲಿ 1024. ಗೋಡೆಯ ಮೇಲಿನ ನೆರಳು ಪಟ್ಟೆಪಟ್ಟೆಯಾಗುವುದು ಬಹಳಷ್ಟು ತಪ್ಪುತ್ತದೆ.

ಇಪ್ಪತ್ತು ನಿಮಿಷದ ಕಥೆಯನ್ನು ತೊಂಬತ್ತಕ್ಕೆ ಎಳೆಯುವ ಚಟವೂ ಇದೆ. ಎಳೆದದ್ದು ಗೊತ್ತಾಗುವುದು ನಡಿಗೆಯ ಶಾಟ್‌ಗಳಲ್ಲಿ. ಮೊದಲ ಎಡಿಟ್ ಆದ ಮೇಲೆ ಕಾರಿಡಾರಿನಲ್ಲಿ ಸುಮ್ಮನೆ ನಡೆಯುವ ಶಾಟ್‌ಗಳನ್ನಷ್ಟೇ ಒಂದು ಟೈಮ್‌ಲೈನ್‌ನಲ್ಲಿ ಜೋಡಿಸಿ ನೋಡಿ. ಹೊಸ ವಿಷಯ ಹೇಳದವನ್ನೆಲ್ಲ ತೆಗೆದು, ಉಳಿದದ್ದು ನಲವತ್ತೇ ನಿಮಿಷವಾದರೆ ನಲವತ್ತು ನಿಮಿಷದ ಚಿತ್ರವಾಗಿಯೇ ಬಿಡುಗಡೆ ಮಾಡಿ.