ದೂರ ಒಂದೇ, ಹೊತ್ತು ಎರಡು: ಲಂಡನ್–ನ್ಯೂಯಾರ್ಕ್ ಹಾರಾಟದ ಲೆಕ್ಕ

ಲಂಡನ್ನಿನ ಹೀಥ್ರೂದಿಂದ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಕ್ಕೆ ಸುಮಾರು 5,540 ಕಿಲೋಮೀಟರ್. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಆದರೂ ವೇಳಾಪಟ್ಟಿಯಲ್ಲಿ ಹೋಗಲು ಹೆಚ್ಚುಕಡಿಮೆ 8 ಗಂಟೆ, ಮರಳಲು 7 ಗಂಟೆ ಇರುತ್ತದೆ. ಈ ಒಂದು ಗಂಟೆಯ ಗುಟ್ಟು ತಿಳಿಯಲು ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು.

ಗೋಡೆಯ ನಕಾಶೆಯ ಮೇಲೆ ಸ್ಕೇಲ್ ಇಟ್ಟು ದೂರ ಅಳೆಯಬೇಡಿ. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿಯಿರಿ. ಅದು ಐರ್ಲೆಂಡ್ ದಾಟಿ, ನ್ಯೂಫೌಂಡ್‌ಲ್ಯಾಂಡ್ ಮೇಲಿಂದ ಬಾಗಿ ಇಳಿಯುತ್ತದೆ. ಅದೇ ಮಹಾವೃತ್ತದ ದಾರಿ, ಎಲ್ಲಕ್ಕಿಂತ ಹತ್ತಿರದ್ದು. ಲೆಕ್ಕಕ್ಕೆ ಬೇಕಾದದ್ದು ಎರಡೂ ಕಡೆಯ ಅಕ್ಷಾಂಶ, ರೇಖಾಂಶ, ಡಿಗ್ರಿಯಲ್ಲಿ ನಾಲ್ಕೇ ಅಂಕಿ: ಹೀಥ್ರೂ 51.47 ಉತ್ತರ, 0.45 ಪಶ್ಚಿಮ, ಜೆಎಫ್‌ಕೆ 40.64 ಉತ್ತರ, 73.78 ಪಶ್ಚಿಮ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅವುಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ (73.33) ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿದರೆ 0.645. ಇದರ ವಿಲೋಮ ಕೊಸೈನ್ 49.83 ಡಿಗ್ರಿ. ಒಂದು ಡಿಗ್ರಿಗೆ 111.19 ಕಿಲೋಮೀಟರ್‌ನಂತೆ ಗುಣಿಸಿದರೆ ಮೇಲಿನ 5,540 ಸಿಕ್ಕಿತು. ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದ್ದರೆ ಉತ್ತರ ಹುಚ್ಚುಚ್ಚಾಗಿ ಬರುತ್ತದೆ. ಒಂದು ಊರು ಪೂರ್ವ ರೇಖಾಂಶದಲ್ಲಿ, ಇನ್ನೊಂದು ಪಶ್ಚಿಮದಲ್ಲಿ ಇದ್ದರೆ ಕಳೆಯುವುದಲ್ಲ, ಕೂಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನು ಹೊತ್ತು. ದೊಡ್ಡ ಜೆಟ್‌ಗಳು ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರ್ ಸಾಗುತ್ತವೆ. ಗಾಳಿಯೇ ಇಲ್ಲದಿದ್ದರೆ 6 ಗಂಟೆ 9 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ. ನಿಲ್ದಾಣದ ಹತ್ತಿರ ಸುತ್ತು ಬಳಸುವುದೂ ಉಂಟು. ಅದಕ್ಕೆ ಅರ್ಧ ಗಂಟೆ, ರನ್‌ವೇ ತನಕದ ಓಡಾಟಕ್ಕೆ ಇನ್ನರ್ಧ ಗಂಟೆ ಸೇರಿಸಿ. ವೇಳಾಪಟ್ಟಿಯ ಅವಧಿ ಗೇಟಿನಿಂದ ಗೇಟಿಗೆ, ಬರೀ ಹಾರಾಟದ್ದಲ್ಲ.

ಆದರೆ ಗಾಳಿ ಸುಮ್ಮನಿರುವುದಿಲ್ಲ. ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್ ಎಂಬ ಬಹು ಎತ್ತರದ ಬಿರುಸಾದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ದಾರಿಯುದ್ದಕ್ಕೂ ಸರಾಸರಿ 100 ಕಿಲೋಮೀಟರ್ ವೇಗದ ಗಾಳಿ ಎಂದುಕೊಳ್ಳಿ: ಎದುರಾದರೆ 6 ಗಂಟೆ 55 ನಿಮಿಷ, ಬೆನ್ನಿಗಿದ್ದರೆ 5 ಗಂಟೆ 32 ನಿಮಿಷ. ಒಟ್ಟು 12 ಗಂಟೆ 27 ನಿಮಿಷ. ಗಾಳಿಯಿಲ್ಲದ 12 ಗಂಟೆ 18 ನಿಮಿಷಕ್ಕಿಂತ ಹೆಚ್ಚೇ! ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ಸಿಗದು, ಏಕೆಂದರೆ ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ. ನನಗೆ ಈ ಲೆಕ್ಕದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದೇ. ಎದುರುಗಾಳಿ ತಪ್ಪಿಸಲೆಂದು ಪಶ್ಚಿಮಕ್ಕೆ ಹೋಗುವ ವಿಮಾನಗಳು ಎಷ್ಟೋ ಸಲ ಉದ್ದದ ದಾರಿಯನ್ನೇ ಹಿಡಿಯುತ್ತವೆ, ಹತ್ತಿರದ ದಾರಿ ಬೇಗನೆಯ ದಾರಿಯಾಗಿರಬೇಕೆಂದಿಲ್ಲ. 2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿಯ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಯೂ ಹಿಡಿಯದೆ, 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು.

ಟಿಕೆಟ್ಟಿನ ಸಮಯಗಳೆಲ್ಲ ಆಯಾ ಊರಿನವು. ಬೆಳಿಗ್ಗೆ 11ಕ್ಕೆ ಲಂಡನ್ ಬಿಟ್ಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಸೇರಿದರೆ 3 ಗಂಟೆಯಲ್ಲ, 5 ಗಂಟೆಯ ವ್ಯತ್ಯಾಸ ಸೇರಿ 8. ರಾತ್ರಿ 7ಕ್ಕೆ ಹೊರಟು ಮರುದಿನ ಬೆಳಿಗ್ಗೆ 7ಕ್ಕೆ ಇಳಿದರೆ 12ರಲ್ಲಿ 5 ಕಳೆದು 7. ಮಾರ್ಚ್ ತಿಂಗಳಲ್ಲಿ ಮಾತ್ರ ಎಚ್ಚರ: ಅಮೆರಿಕ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ವ್ಯತ್ಯಾಸ 4 ಗಂಟೆಯೇ. ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೂ ಹಾಗೆಯೇ.