ಕೊಲೈಟಿಸ್ ಇರುವವರಿಗೆ ಪಿತ್ತನಾಳದ ತಪಾಸಣೆ

ತಂಗಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇರುವುದರಿಂದ ಆಕೆಯ ರಕ್ತಪರೀಕ್ಷೆಯ ವರದಿಗಳನ್ನು ಓದುವುದು ನನಗೀಗ ರೂಢಿಯಾಗಿದೆ. ಲಿವರ್ ಫಂಕ್ಷನ್ ಟೆಸ್ಟ್ ಎಂದರೆ ಮನೆಯವರೆಲ್ಲ ಮೊದಲು ನೋಡುವುದು ಕಾಮಾಲೆಯಲ್ಲಿ ಏರುವ ಬಿಲಿರುಬಿನ್. ಆದರೆ ಪಿತ್ತನಾಳಗಳು ಉರಿಯೂತದಿಂದ ಗಡುಸಾಗಿ ಅಲ್ಲಲ್ಲಿ ಕಿರಿದಾಗುವ ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್‌ನಲ್ಲಿ, ಕಾಮಾಲೆ ಕಾಣಿಸುವುದಕ್ಕೆ ಬಹಳ ಮೊದಲೇ ಏರಬಹುದಾದದ್ದು ವರದಿಯ ಕೆಳಗಿನ ಸಾಲುಗಳಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ. ಕೊಲೈಟಿಸ್ ಇರುವ 100 ಜನರಲ್ಲಿ ಕೆಲವರಿಗಷ್ಟೇ ಈ ಕಾಯಿಲೆ ಬರುತ್ತದೆಯಾದರೂ, ಬಂದವರಲ್ಲಿ ಅನೇಕರಿಗೆ ಆಗ ಯಾವ ತೊಂದರೆಯೂ ತಿಳಿಯುವುದಿಲ್ಲ.

ಆ ಅಂಕಿ ತಿಂಗಳುಗಟ್ಟಲೆ ಇಳಿಯದಿದ್ದರೆ ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ) ಸ್ಕ್ಯಾನ್ ಮಾಡಿಸುತ್ತಾರೆ. ಕಾಯಿಲೆಯಿದ್ದರೆ ನಾಳಗಳು ಅದರಲ್ಲಿ ಮಣಿಸರದಂತೆ ಕಾಣುತ್ತವೆ. ಖಚಿತವಾದ ಮೇಲೆ, ಹೊಟ್ಟೆ ಎಷ್ಟೇ ನೆಮ್ಮದಿಯಾಗಿದ್ದರೂ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಬೇಕಾಗುತ್ತದೆ, ಏಕೆಂದರೆ ಇಂಥವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ಹೆಚ್ಚು. ಮಕ್ಕಳ ವಿಷಯ ಬೇರೆ: ಬೆಳೆಯುವ ಮೂಳೆಗಳಿಂದಲೂ ಆಲ್ಕಲೈನ್ ಫಾಸ್ಫಟೇಸ್ ಏರುವುದರಿಂದ ಅವರಲ್ಲಿ ಜಿಜಿಟಿ ಎಂಬ ಇನ್ನೊಂದು ಲಿವರ್ ಕಿಣ್ವವನ್ನು ನೋಡುವುದೇ ಸರಿ.